ಬಾಗಿಲು ಹಾಕುವ ಡಾಕ್ಟರು

ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆಯವರಿಗೆ ಜನ ಇಟ್ಟಿದ್ದ ಹೆಸರು ‘ಥರ್ಮಾಮೀಟರ್ ಡಾಕ್ಟ್ರು’. ಸ್ವಂತ ಹೆಸರು ಷಡಕ್ಷರಪ್ಪ. ಬಾಯಿಂದ ಈ ಹೆಸರನ್ನು ನಾನು ಒಮ್ಮೆಯೂ ಹೇಳಿದವಳಲ್ಲ. ಕಾಗದದ ಮೇಲೆ ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದು ಬರೆದಿದ್ದೇನೆ. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ರೋಗಿ ಎರಡು ಮಾತು ಹೆಚ್ಚು ಆಡಿದರೆ ಸಾಕು, ಜ್ವರ ಇರಲಿ ಬಿಡಲಿ, ಡಾಕ್ಟರು ಬಾಯಿಗೆ ಥರ್ಮಾಮೀಟರ್ ಇಡುತ್ತಿದ್ದರು. ಜೊತೆಗೆ ಬಂದವರು ಹೆಚ್ಚು ಮಾತಾಡಿದರೆ ಅವರ ಬಾಯಿಗೂ ಇಡುತ್ತಿದ್ದರು. ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದವನ ಭಾವಮೈದುನನಿಗೆ ಇಟ್ಟು, ಇವನ ಮುಳ್ಳು ತೆಗೆದು ಮುಗಿಸಿ, ಆಮೇಲೆ ಅವನ ಬಾಯಿಂದ ತೆಗೆದು, ನೋಡದೆಯೇ ಒರೆಸಿ ಡಬ್ಬಿಗೆ ಹಾಕಿದರು. ನಾನೇ ಕಣ್ಣಾರೆ ಕಂಡದ್ದು.

ಕೆಟ್ಟ ಮನುಷ್ಯರಲ್ಲ. ಕೈಗುಣ ಒಳ್ಳೆಯದೆಂದು ಹೊಳೆಹೊನ್ನೂರಿನ ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮಾತಾಡುವುದೆಂದರೆ ಮಾತ್ರ ಅವರಿಗೆ ಕಷಾಯ ಕುಡಿದಷ್ಟು ಕಷ್ಟ. ‘ನಾಲಿಗೆ’, ‘ಉಸಿರು ಎಳಿ’, ‘ಮುಂದಿನವರು’, ದಿನವೆಲ್ಲ ಇಷ್ಟೇ. ಮನೆಯೊಳಗೂ ಬೇರೆಯೇನಿಲ್ಲ. ಮದುವೆಯಾದ ಹೊಸದರಲ್ಲಿ ನಾನು ನಮ್ಮ ತಾಯಿಗೆ, ‘ಗೋಡೆ ಜೊತೆ ಸಂಸಾರ ಮಾಡ್ದಂಗಿದೆ, ಗೋಡೆ ಊಟ ಕೇಳಲ್ಲ, ಅಷ್ಟೇ ವ್ಯತ್ಯಾಸ’ ಎಂದಿದ್ದೆ. ತಾಯಿ ಬೈದರು. ಆಮೇಲೆ ನನಗೂ ಅಭ್ಯಾಸವಾಯಿತು.

ಮನೆಯ ಮುಂದಿನ ಎರಡು ಕೋಣೆಯೇ ದವಾಖಾನೆ. ಮೊದಲನೆಯದರಲ್ಲಿ ಬೆಂಚು, ಎರಡನೆಯದರಲ್ಲಿ ಡಾಕ್ಟರ ಮೇಜು, ನಡುವೆ ಒಂದು ಬಾಗಿಲು. ಕಾಂಪೌಂಡರು ಕೆಲಸ ಬಿಟ್ಟು ಹೋದಮೇಲೆ ಮಿಕ್ಸ್‌ಚರ್ ಬೆರೆಸುವುದು ನನ್ನ ತಲೆಗೆ ಬಂತು. ಬೆಂಚಿನ ಕೋಣೆಯ ಒಂದು ಬದಿಗೆ ನಾನು ನಿಲ್ಲುತ್ತಿದ್ದ ಔಷಧದ ಮೂಲೆಗೂ ಡಾಕ್ಟರ ಕೋಣೆಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಚೀಟಿ ಅದರಲ್ಲಿ ಬರಬೇಕು, ಸೀಸೆ ಅದರಲ್ಲಿ ಹೋಗಬೇಕು. ಹಾಗಾಗಿ ಒಳಗಿನ ಮಾತೆಲ್ಲ ನನಗೆ ಕೇಳಿಸುತ್ತಿತ್ತು. ನನಗೊಬ್ಬಳಿಗೇ ಏನು, ಬಾಗಿಲು ಸದಾ ತೆರೆದೇ ಇರುತ್ತಿದ್ದರಿಂದ ಬೆಂಚಿಗೂ ಕೇಳಿಸುತ್ತಿತ್ತು. ಒಬ್ಬರ ಭೇದಿಯ ಕಥೆಗೆ ಬೆಂಚಿನಿಂದ ನಾಲ್ಕು ಜನ ಮದ್ದು ಹೇಳುತ್ತಿದ್ದರು.

ಆ ಬಾಗಿಲು ಮುಚ್ಚುತ್ತಿದ್ದುದು ಎರಡೇ ವಿಷಯಕ್ಕೆ. ಗಂಡಸರು ಎಲ್ಲೆಲ್ಲೋ ಹೋಗಿ ಹಚ್ಚಿಸಿಕೊಂಡು ಬಂದ ಕೆಟ್ಟ ರೋಗಕ್ಕೆ, ಇಲ್ಲವೆ ಮದುವೆಯಾಗದ ಹುಡುಗಿ ತಿಂಗಳು ತಪ್ಪಿದ್ದಕ್ಕೆ. ಇದನ್ನು ಯಾರೂ ಗೋಡೆಗೆ ಬರೆದು ಅಂಟಿಸಿರಲಿಲ್ಲ, ಆದರೆ ಬೆಂಚಿಗೆ ಗೊತ್ತಿತ್ತು. ಬಾಗಿಲು ಮುಚ್ಚಿತೆಂದರೆ ಹೊರಗೆ ಕೆಮ್ಮುವವರೂ ಕೆಮ್ಮು ನಿಲ್ಲಿಸುತ್ತಿದ್ದರು.

ಅರವತ್ತೊಂದೋ ಅರವತ್ತೆರಡೋ ಇಸವಿ. ಶಿವಮೊಗ್ಗದಲ್ಲಿ ಭಾನುವಾರಗಳಂದು ಡಾಕ್ಟರುಗಳಿಗೇ ಒಂದು ಕ್ಲಾಸು ಶುರುವಾಯಿತು. ವಿಲಾಯತಿಯಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಓದಿ ಬಂದಿದ್ದ ತ್ರಿವಿಕ್ರಮ ಎಂಬ ಡಾಕ್ಟರು ಪಾಠ ಮಾಡುತ್ತಿದ್ದರು. ಊರಿನ ಡಾಕ್ಟರ ಹತ್ತಿರ ಹೊಟ್ಟೆನೋವು ತಲೆನೋವು ಎಂದು ಬರುವವರಲ್ಲಿ ಎಷ್ಟೋ ಜನರಿಗೆ ನೋವು ಇರುವುದು ಬೇರೆ ಕಡೆ, ಅದನ್ನು ಕೇಳಿ ತಿಳಿಯುವುದನ್ನು ಡಾಕ್ಟರು ಕಲಿಯಬೇಕು ಎಂಬುದು ಅವರ ವಾದ. ನಮ್ಮವರ ಸ್ನೇಹಿತರೊಬ್ಬರು ಬಲವಂತ ಮಾಡಿ ಇವರ ಹೆಸರೂ ಬರೆಸಿದರು. ತಲೆ ಅರ್ಧ ನರೆತ ಮನುಷ್ಯ ಬುತ್ತಿ ಹಿಡಿದುಕೊಂಡು ಬಸ್ಸಿಗೆ ನಿಂತಾಗ ನಾನು, ‘ಸ್ಲೇಟು ಬಳಪ ತಗೊಂಡ್ರಾ?’ ಎಂದೆ. ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

ಅಲ್ಲಿ ಒಬ್ಬ ಡಾಕ್ಟರು ರೋಗಿಯಾಗಬೇಕು, ಇನ್ನೊಬ್ಬರು ಪ್ರಶ್ನೆ ಕೇಳಬೇಕು, ಉಳಿದವರು ನೋಡಬೇಕು. ಮೊದಲ ದಿನವೇ ನಮ್ಮವರನ್ನು ನಿದ್ರೆ ಬಾರದ ರೋಗಿ ಮಾಡಿ ಕೂರಿಸಿದರಂತೆ. ‘ನಿಮ್ಮ ಮನಸ್ಸಿಗೆ ಈಗ ಏನನ್ನಿಸುತ್ತಿದೆ?’ ಎಂದು ತ್ರಿವಿಕ್ರಮ ಕೇಳಿದರೆ, ನಮ್ಮವರು ಬಹಳ ಹೊತ್ತು ಯೋಚನೆ ಮಾಡಿ, ‘ಐದು ಗಂಟೆ ಬಸ್ಸು ತಪ್ಪುತ್ತೆ ಅನ್ನಿಸುತ್ತೆ’ ಎಂದರಂತೆ. ಇದನ್ನು ನನಗೆ ಹೇಳಿದ್ದು ಆ ಸ್ನೇಹಿತರು. ಇವರು ಹೇಳುವವರಲ್ಲ.

ಆದರೂ ಬಿಡದೆ ಹೋದರು, ಕಲಿತದ್ದನ್ನು ಒಂದೊಂದಾಗಿ ನಮ್ಮ ದವಾಖಾನೆಯಲ್ಲಿ ಪ್ರಯೋಗ ಮಾಡಿದರು. ಒಂದು ಬೆಳಿಗ್ಗೆ ಹೊಟ್ಟೆನೋವೆಂದು ಬಂದ ಕಬ್ಬಿಣದ ಕಾರ್ಖಾನೆಯ ತಮಿಳಿನವನೊಬ್ಬನನ್ನು, ತಮಗೆ ಬರುವ ಹರಕು ತಮಿಳಿನಲ್ಲಿ, ಮನಸ್ಸು ಹೇಗಿದೆ ಎಂದು ಕೇಳಿದರು. ಅವನು ಗಾಬರಿಯಾಗಿ, ‘ಮನಸು ನಲ್ಲಾ ಇರುಕ್ಕು ಸಾರ್, ವಯಿರು ದಾನ್ ಸರಿಯಿಲ್ಲೆ’ ಎಂದ. ಮನಸ್ಸು ಚೆನ್ನಾಗಿದೆ, ಹೊಟ್ಟೆ ಮಾತ್ರ ಸರಿಯಿಲ್ಲವಂತೆ. ಕಿಂಡಿಯ ಈಚೆ ನಾನು ಬಾಯಿಗೆ ಸೆರಗು ಹಿಡಿದುಕೊಂಡೆ.

ನಗು ಬಂದದ್ದು ಅಲ್ಲಿಗೇ ಮುಗಿಯಿತು. ಮುಂದಿನ ಕ್ಲಾಸಿನಲ್ಲಿ ತ್ರಿವಿಕ್ರಮ ಹೇಳಿಕೊಟ್ಟದ್ದು ಜೊತೆಗೆ ಬಂದವರ ವಿಷಯ. ಸೊಸೆಯ ನೋವನ್ನು ಅತ್ತೆ ಹೇಳುತ್ತಾಳೆ, ಹೆಂಡತಿಯ ನೋವನ್ನು ಗಂಡ ಹೇಳುತ್ತಾನೆ, ರೋಗಿಯ ಬಾಯಿಂದ ಒಂದು ಮಾತೂ ಬರುವುದಿಲ್ಲ. ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ರೋಗಿಯ ಜೊತೆ ನೀವೊಬ್ಬರೇ ಮಾತಾಡಿ ಎಂದರಂತೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ನಮ್ಮವರು ತಲೆಯಾಡಿಸಿಕೊಂಡು ಬಂದರು.

ಆ ವಾರವೇ ಕಾಶಮ್ಮ ಸೊಸೆಯನ್ನು ಕರೆದುಕೊಂಡು ಬಂದಳು. ಕಾಶಮ್ಮನ ಗಂಡ ಸಿದ್ದಯ್ಯ, ಮಗ, ಇಬ್ಬರೂ ಕಾರ್ಖಾನೆಯಲ್ಲಿ ಕೆಲಸದವರು. ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಮನೆ. ಸೊಸೆ ಪುಟ್ಟಲಕ್ಷ್ಮಿ ಹೊಳೆಹೊನ್ನೂರಿನ ಹತ್ತಿರದ ಹಳ್ಳಿಯ ಹುಡುಗಿ. ತೆಳ್ಳಗೆ, ತಲೆ ಎತ್ತದೆ ಕೂತಿದ್ದಳು. ಅತ್ತೆಯ ತುರುಬಿನಲ್ಲಿ ಕನಕಾಂಬರವಿತ್ತು, ಸೊಸೆಯ ಜಡೆಯಲ್ಲಿ ಒಂದು ಹೂವೂ ಇರಲಿಲ್ಲ.

‘ಎದೆ ಉರಿ ಅಂತಾಳೆ ಡಾಕ್ಟ್ರೇ,’ ಎಂದು ಕಾಶಮ್ಮ ಶುರು ಮಾಡಿದಳು. ‘ಊಟ ಸೇರಲ್ಲ. ಕರೆದ್ರೆ ಓ ಅನ್ನಲ್ಲ. ಒಲೆ ಮುಂದೆ ಕೂತ್ರೆ ಅನ್ನ ಸೀದು ಹೋದ್ರೂ ಗ್ಯಾನ ಇಲ್ಲ. ಮೊನ್ನೆ ನನ್ ಮಗ ಆಸೆಪಟ್ಟು ಮಲ್ಲಿಗೆ ತಂದ್ರೆ ತಗೊಂಡ್ ಹೋಗಿ ಹಿತ್ಲಿಗೆ ಎಸೆದ್ಲು. ಮುತ್ತೈದೆ ಹೂವು ಎಸೀಬಹುದಾ, ನೀವೇ ಹೇಳಿ.’

ಡಾಕ್ಟರ ಕೈ ಥರ್ಮಾಮೀಟರಿನ ಡಬ್ಬಿಯವರೆಗೆ ಹೋಗಿ ನಿಂತಿತು. ‘ಕಾಶಮ್ಮ, ನೀವು ಸ್ವಲ್ಪ ಹೊರಗಿರಿ’ ಎಂದು ಎದ್ದು ಹೋಗಿ ಬಾಗಿಲು ಹಾಕಿದರು.

‘ಏನಮ್ಮ, ಹೇಗಿದೀಯ?’ ಎಂದು ಕೇಳಿದರು. ಹುಡುಗಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಕಾದರು. ‘ಏನಿಲ್ಲ ಸಾರ್’ ಎಂದಳು. ಇನ್ನೂ ಕಾದರು. ಪರಗಂಡಸಿನ ಎದುರಿಗೆ ಮುಚ್ಚಿದ ಕೋಣೆಯಲ್ಲಿ ಅವಳು ಹುಟ್ಟಿದ ಮೇಲೆ ಕೂತಿರಲಿಲ್ಲ, ಏನು ಹೇಳಿಯಾಳು? ಕಡೆಗೆ ಒಂದು ಟಾನಿಕ್ ಬರೆದು ಬಾಗಿಲು ತೆಗೆದರು. ಹುಡುಗಿ ಅತ್ತ ಮುಖದಲ್ಲಿ ಹೊರಗೆ ಬಂದಾಗ ಬೆಂಚಿನ ಮೇಲೆ ಒಬ್ಬ ಹೆಂಗಸು ತನ್ನ ಮಗುವಿನ ಕಾಲನ್ನು ಅವಳಿಗೆ ತಾಗದಂತೆ ಒಳಕ್ಕೆ ಎಳೆದುಕೊಂಡಳು.

ವಾರ ಕಳೆದಿರಲಿಲ್ಲ, ಕಾಶಮ್ಮನ ಪಕ್ಕದ ಮನೆಯ ಪ್ರೇಮಮ್ಮ ಕೆಮ್ಮಿನ ಔಷಧಕ್ಕೆ ಬಂದವಳು ಕಿಂಡಿಯ ಈಚೆಗೆ, ನನ್ನ ಹತ್ತಿರವೇ ಬಂದಳು.

‘ಅಯ್ಯೋ ಮಾರಾಯ್ತಿ, ನಿಮಗೆ ಗೊತ್ತಿಲ್ವಾ? ಆ ಹುಡುಗಿನ ತವರಿಗೆ ಕಳಿಸಿಬಿಟ್ರು. ಟ್ರಂಕು ಸಮೇತ. ಏಳೆಂಟು ತಿಂಗಳು ತವರಲ್ಲಿದ್ದು ಬಂದಿದ್ಲಲ್ಲ, ಅಲ್ಲಿಂದ ಬೇಡದ ರೋಗ ತಂದಿದಾಳಂತೆ.’

‘ಯಾರು ಹೇಳಿದ್ದು?’

‘ಯಾರು ಹೇಳಬೇಕು? ನಿಮ್ಮ ಡಾಕ್ಟ್ರೇ ಬಾಗಿಲು ಹಾಕ್ಕೊಂಡು ನೋಡಿದ್ರಂತಲ್ಲ. ಸಿದ್ದಯ್ಯ ಮಗನಿಗೆ ಬೇರೆ ಹುಡುಗಿ ನೋಡೋ ಮಾತಾಡ್ತಿದಾನೆ.’

ನನಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಊಟಕ್ಕೆ ಕೂತವರ ಎದುರು ತಟ್ಟೆ ಇಟ್ಟು, ಬಡಿಸದೆ ನಿಂತು ಹೇಳಿದೆ. ‘ವಿಲಾಯತಿ ಪಾಠ ಚೆನ್ನಾಗಿ ಕಲಿತ್ರಿ. ಒಂದು ಹುಡುಗಿ ಸಂಸಾರ ಹೋಯ್ತು. ಅವಳ ಜಾಗದಲ್ಲಿ ನಿಮ್ಮ ತಂಗಿ ಇದ್ದಿದ್ರೆ ಬಾಗಿಲು ಹಾಕ್ತಿದ್ರಾ?’

‘ಅವಳಿಗೆ ಯಾವ ರೋಗವೂ ಇಲ್ಲ,’ ಎಂದರು.

‘ಹೋಗಿ ಅವರಿಗೆ ಹೇಳಿ.’

ಊಟ ಬಿಟ್ಟು ಸೈಕಲ್ ತೆಗೆದುಕೊಂಡು ಹೋದರು. ಸಿದ್ದಯ್ಯ ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡನಂತೆ. ಕೊನೆಗೆ ಕೈಮುಗಿದು, ‘ನೀವು ದೊಡ್ಡೋರು. ಹೆಣ್ಮಗಳ ಮಾನ ಮುಚ್ಚೋಕೆ ಬಂದಿದೀರಿ, ನಮಗೆ ಅರ್ಥ ಆಗುತ್ತೆ’ ಎಂದನಂತೆ. ಇವರು ಏನೂ ಇಲ್ಲ ಎಂದು ಹೇಳಿದಷ್ಟೂ ಅಲ್ಲಿ ಏನೋ ಇದೆ ಎಂಬುದು ಗಟ್ಟಿಯಾಯಿತು. ವಾಪಸು ಬಂದು ಜಗುಲಿಯ ಮೇಲೆ ಕೂತವರು ದೀಪ ಹಚ್ಚುವವರೆಗೂ ಏಳಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಆದರೆ ಅಯ್ಯೋ ಅನ್ನಿಸಿತು.

ಭಾನುವಾರ ಶಿವಮೊಗ್ಗಕ್ಕೆ ಹೋದರು. ಅವತ್ತು ಬಂದಮೇಲೆ ತಾವಾಗಿಯೇ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು. ನಮ್ಮ ಸಂಸಾರದಲ್ಲಿ ಅಷ್ಟು ಉದ್ದದ ಮಾತು ಅದೇ ಮೊದಲು.

ಕ್ಲಾಸಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದರಂತೆ. ಒಬ್ಬಿಬ್ಬರು ನಕ್ಕರಂತೆ. ತ್ರಿವಿಕ್ರಮ ನಗಲಿಲ್ಲ. ‘ಬಾಗಿಲು ಹಾಕೋದಕ್ಕೆ ನಿಮ್ಮೂರಲ್ಲಿ ಇಂಥ ಅರ್ಥ ಇದೆ ಅಂತ ನನಗೆ ಗೊತ್ತಿರಲಿಲ್ಲ, ಷಡಕ್ಷರಪ್ಪನವರೇ. ನಾನು ಕೇಳಬೇಕಿತ್ತು,’ ಎಂದರಂತೆ. ‘ನಾನು ಕಲಿತ ಕಡೆ ಎಲ್ಲರಿಗೂ ಬಾಗಿಲು ಹಾಕ್ತಾರೆ. ನೆಗಡಿಗೂ ಹಾಕ್ತಾರೆ. ಅದಕ್ಕೇ ಯಾರೂ ತಿರುಗಿ ನೋಡೋದಿಲ್ಲ.’

‘ಎಲ್ಲರಿಗೂ ಹಾಕ್ತಾರಂತೆ,’ ಎಂದು ನಮ್ಮವರು ನನಗೆ ಎರಡು ಸಲ ಹೇಳಿದರು. ಆಮೇಲೆ ಎದ್ದು ಹೋಗಿ ಆ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟರು.

ಸೋಮವಾರ ಮೊದಲು ಬಂದವರು ಪರಮೇಶ್ವರಪ್ಪನವರು. ಅಡಿಕೆ ಮಂಡಿಯ ಯಜಮಾನರು, ಮಠದ ಕೆಲಸಕ್ಕೆಲ್ಲ ಮುಂದೆ ನಿಲ್ಲುವವರು, ಊರಿನಲ್ಲಿ ಅವರ ಮೇಲೆ ಬೆರಳು ತೋರಿಸುವವರಿಲ್ಲ. ಅವರಿಗೆ ಬಂದಿದ್ದದ್ದು ಕೆಮ್ಮು. ಡಾಕ್ಟರು ಎದ್ದು ಬಾಗಿಲು ಹಾಕಿದರು. ಹೊರಗೆ ಬೆಂಚು ಉಸಿರು ಬಿಗಿಹಿಡಿಯಿತು.

‘ಬಾಗಿಲು ಯಾಕ್ರೀ ಹಾಕ್ತೀರಿ?’ ಎಂದು ಪರಮೇಶ್ವರಪ್ಪನವರ ದನಿ ನಡುಗಿದ್ದು ಕಿಂಡಿಯಲ್ಲಿ ಕೇಳಿಸಿತು. ‘ತೆಗೀರಿ ಮಾರಾಯ್ರೇ, ಹೊರಗೆ ಜನ ಕೂತಿದಾರೆ.’

‘ಇನ್ನು ಮೇಲೆ ಎಲ್ಲರಿಗೂ ಹಾಗೇ,’ ಎಂದರು ಡಾಕ್ಟರು. ‘ಕೂತ್ಕೊಳಿ. ಹೇಗಿದೀರಿ?’

ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದು, ಯಾರೂ ಕೇಳದಿದ್ದರೂ, ‘ಕೆಮ್ಮು, ಬರೀ ಕೆಮ್ಮು’ ಎಂದು ಬೆಂಚಿಗೆಲ್ಲ ಹೇಳಿ ಹೋದರು. ಆಮೇಲೆ ಕಿವಿ ಸೋರುವವರು, ಉಳುಕಿದವರು, ಹಲ್ಲುನೋವಿನವರು, ಎಲ್ಲರಿಗೂ ಬಾಗಿಲು. ಹೊರಗೆ ಬಂದವರೆಲ್ಲ ತಮಗೆ ಏನಾಗಿದೆಯೆಂದು ತಾವೇ ಕೂಗಿ ಹೇಳತೊಡಗಿದರು. ಮರುದಿನ ಬೆಂಚು ಅರ್ಧ ಖಾಲಿ. ಸೇತುವೆಯ ಆಚೆಗಿದ್ದ ಇನ್ನೊಬ್ಬ ಡಾಕ್ಟರ ಬೆಂಚು ತುಂಬಿತು.

ಮೂರನೆಯ ದಿನ ಬೆಳಿಗ್ಗೆ ಇವರು ಅಡುಗೆಮನೆಗೆ ಬಂದು ನಿಂತರು. ‘ನೀನೂ ಬರಬೇಕು,’ ಎಂದರು. ‘ಹಿತ್ತಿಲಿಂದಲ್ಲ. ಬೀದಿ ಕಡೆಯಿಂದ ಬಂದು ಬೆಂಚಿನ ಮೇಲೆ ಕೂತ್ಕೊ.’

‘ನನಗೇನಾಗಿದೆ?’

‘ಏನಾದರೂ ಆಗಿರಲಿ.’

ತಲೆ ಕೆಟ್ಟಿದೆ ಇವರಿಗೆ ಎಂದುಕೊಂಡೇ ಸೀರೆ ಬದಲಿಸಿ ಮನೆ ಸುತ್ತಿ ಬಂದು ಬೆಂಚಿನ ಮೇಲೆ ಕೂತೆ. ಇದ್ದವರೆಲ್ಲ ನನ್ನನ್ನು ನೋಡಿದರು. ನನ್ನ ಸರದಿ ಬಂತು, ಒಳಗೆ ಹೋದೆ, ಬಾಗಿಲು ಮುಚ್ಚಿತು. ಮೇಜಿನ ಆಚೆ ಕೂತ ನನ್ನ ಗಂಡ ನನ್ನ ಮುಖ ನೋಡಿ, ‘ಹೇಗಿದೀಯ ಉಮಾ?’ ಎಂದರು. ನನ್ನ ಹೆಸರು ಉಮಾಮಹೇಶ್ವರಿ. ಮನೆಯಲ್ಲಿ ‘ಇವಳೇ’ ಎನ್ನುವುದೇ ರೂಢಿ.

‘ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ,’ ಎಂದೆ. ಅವರು ಬರೆಯಲೂ ಇಲ್ಲ, ಗಡಿಯಾರ ನೋಡಲೂ ಇಲ್ಲ, ಕಾದರು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು, ಇದನ್ನು ಕೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಳೆ ಸೀದುಹೋಯಿತು.

ಅದಾದಮೇಲೆ ಜನ ನಿಧಾನಕ್ಕೆ ವಾಪಸು ಬಂದರು. ಡಾಕ್ಟರ ಹೆಂಡತಿಗೇ ಬಾಗಿಲು ಹಾಕಿದರಂತೆ, ಆ ಮನುಷ್ಯನಿಗೆ ಅದೊಂದು ಹುಚ್ಚು, ಹಾಕಿಕೊಳ್ಳಲಿ ಬಿಡಿ ಎಂದರು. ಥರ್ಮಾಮೀಟರ್ ಡಾಕ್ಟರು ಹೋಗಿ ‘ಬಾಗಿಲು ಹಾಕೋ ಡಾಕ್ಟ್ರು’ ಆದರು. ಬಾಗಿಲು ಮುಚ್ಚಿದರೆ ಬೆಂಚಿನವರು ಅಕ್ಕಿಯ ರೇಟು ಮಾತಾಡಿಕೊಂಡು ಕೂರುವಷ್ಟು ಅದು ಮಾಮೂಲಾಯಿತು. ಪುಟ್ಟಲಕ್ಷ್ಮಿ ಮಾತ್ರ ಇನ್ನೂ ತವರಿನಲ್ಲೇ ಇದ್ದಳು.

ಯುಗಾದಿ ಕಳೆದು ಒಂದು ಬೆಳಿಗ್ಗೆ ಕಾಶಮ್ಮ ಒಬ್ಬಳೇ ಬಂದಳು. ಮಂಡಿ ನೋವಂತೆ. ಬೆಂಚಿನ ತುದಿಯಲ್ಲಿ ಕೂತು, ಒಬ್ಬೊಬ್ಬರಿಗೂ ಬಾಗಿಲು ಮುಚ್ಚುವುದನ್ನೂ ತೆರೆಯುವುದನ್ನೂ ನೋಡಿದಳು. ತನ್ನ ಸರದಿ ಬಂದಾಗ ಒಳಗೆ ಹೋಗಿ ಕೂತು, ಹಳೆಯ ಅಭ್ಯಾಸದಿಂದ ಬಾಯಿ ತೆರೆದು ನಾಲಿಗೆ ಎತ್ತಿ ಕಾದಳು.

‘ಅದು ಬೇಡ,’ ಎಂದರು ಡಾಕ್ಟರು. ‘ಮಂಡಿ ವಿಷಯ ಹೇಳಿ.’

ಮಂಡಿಯ ವಿಷಯ ಹೇಳಿದಳು. ಎಣ್ಣೆ ತಿಕ್ಕಿದ್ದು, ಎಕ್ಕದ ಎಲೆ ಕಟ್ಟಿದ್ದು, ಕೊಳಾಯಿಯ ಕಟ್ಟೆಯ ಹತ್ತಿರ ಜಾರಿದ್ದು, ಎಲ್ಲ. ನಡುವೆ ಯಾರೂ ಅಡ್ಡ ಬಾರದ್ದರಿಂದ ಮಂಡಿ ಬೇಗ ಮುಗಿದುಹೋಯಿತು. ಡಾಕ್ಟರು ಸುಮ್ಮನೆ ಕೂತೇ ಇದ್ದರು. ಆಗ ಅವಳೇ ಕೇಳಿದಳು.

‘ಆ ಹುಡುಗಿ ಅವತ್ತು ನಿಮ್ಮ ಹತ್ರ ಏನ್ ಹೇಳಿದ್ಲು?’

‘ಏನೂ ಹೇಳಲಿಲ್ಲ, ಕಾಶಮ್ಮ. ಅತ್ತಳು. ಯಾಕೆ ಅಂತ ನನಗೆ ತಿಳೀಲಿಲ್ಲ. ನಿಮಗೆ ತಿಳಿದಿದ್ರೆ ನೀವು ಹೇಳಿ.’

ಕಾಶಮ್ಮನ ದನಿ ತಗ್ಗಿತು. ‘ಹೊಟ್ಟೆ ಕಾಣೋಕೆ ಮುಂಚೆನೇ, ದೃಷ್ಟಿ ಆಗುತ್ತೆ ಅಂತ ಕೇರೀಲಿ ಯಾರಿಗೂ ಹೇಳ್ದೆ, ಹೆರಿಗೆಗೆ ತವರಿಗೆ ಕಳಿಸಿದ್ವಿ. ಗಂಡು ಮಗು. ಹೆಸರಿಡೋಕೆ ಮುಂಚೆ ಹೋಯ್ತು. ಎದೇಲಿ ಹಾಲು ನಿಲ್ಲಲಿಲ್ಲ. ಮಲ್ಲಿಗೆ ಕಟ್ಟಿದ್ರಂತೆ.’

ಮಗು ತೀರಿಕೊಂಡ ಬಾಣಂತಿಯ ಎದೆಗೆ ರಾಶಿ ಮಲ್ಲಿಗೆ ಇಟ್ಟು ಬಟ್ಟೆಯಿಂದ ಬಿಗಿಯುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಹಾಲು ಬತ್ತುತ್ತದೆ. ಇದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಎದೆ ಉರಿ ಎಂದಾಗ, ಮಲ್ಲಿಗೆ ಎಸೆದಳು ಎಂದಾಗ, ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

‘ಅವಳು ಯಾಕೆ ಎಸೀತಾಳೆ ಅಂತ ನಂಗೆ ಗೊತ್ತಿತ್ತು ಡಾಕ್ಟ್ರೇ,’ ಎಂದಳು ಕಾಶಮ್ಮ. ‘ನಂಗೂ ಕಟ್ಟಿದ್ರು. ಈ ಮಗನಿಗಿಂತ ಮುಂಚೆ ಒಂದು ಹೆಣ್ಣು ಇತ್ತು. ಅಳಬೇಡ, ಅತ್ರೆ ಮುಂದಿಂದೂ ನಿಲ್ಲಲ್ಲ ಅಂದ್ರು ನಮ್ಮತ್ತೆ. ಅದರ ಸುದ್ದಿ ಎತ್ತಬೇಡ ಅಂದ್ರು. ನಾನು ಅಳಲಿಲ್ಲ. ಇವಳಿಗೂ ಅದನ್ನೇ ಹೇಳ್ದೆ. ಬೆಂಚಿನ ಮೇಲೆ ಜನ ಇನ್ನೊಂದು ಮಾತಾಡಿದಾಗ ಅಲ್ಲ ಅಂತ ಹೇಳೋಕೆ ನಂಗೆ ಬಾಯಿ ಬರಲಿಲ್ಲ. ಹೇಳಿದ್ರೆ ಮಗು ಸುದ್ದಿ ಎತ್ತಬೇಕಾಗ್ತಿತ್ತು.’

ಕಿಂಡಿಯಿಂದ ಅವಳ ತುರುಬು ಕಾಣುತ್ತಿತ್ತು. ಕನಕಾಂಬರ. ಎಷ್ಟು ವರ್ಷದಿಂದ ಅವಳನ್ನು ನೋಡಿದ್ದೆ, ಹಬ್ಬಕ್ಕೂ ಮದುವೆಗೂ ಅವಳ ತಲೆಯಲ್ಲಿ ಕನಕಾಂಬರವೇ. ಮಲ್ಲಿಗೆ ಒಂದು ದಿನವೂ ಇರಲಿಲ್ಲ.

ಆಮೇಲೆ ಕಾಶಮ್ಮ ಅತ್ತಳು. ಡಾಕ್ಟರು ಸಮಾಧಾನ ಹೇಳಲಿಲ್ಲ, ಚೀಟಿಯನ್ನೂ ಬರೆಯಲಿಲ್ಲ. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, ‘ಅವಳನ್ನ ಕರೆಸ್ಲಾ?’ ಎಂದಳು.

‘ನೀವೇ ಹೋಗಿ ಕರ್ಕೊಂಡ್ ಬನ್ನಿ,’ ಎಂದರು ಡಾಕ್ಟರು.

ಸಿದ್ದಯ್ಯನಿಗೂ ಮಗನಿಗೂ ಏನು ಹೇಳಿದಳೋ ಗೊತ್ತಿಲ್ಲ, ಮಂಡಿ ನೋವಿನಲ್ಲೇ ಬಸ್ಸು ಹತ್ತಿ ಹೋದಳು. ಮುಂದಿನ ವಾರ ಅತ್ತೆ ಸೊಸೆ ಇಬ್ಬರೂ ನಮ್ಮ ಬೆಂಚಿನ ಮೇಲೆ ಕೂತಿದ್ದರು. ಹುಡುಗಿ ಇನ್ನೂ ತೆಳ್ಳಗಾಗಿದ್ದಳು. ಅವಳ ಜಡೆಯಲ್ಲಿ ಒಂದು ಗೇಣು ಕನಕಾಂಬರ. ಅವತ್ತು ಪ್ರೇಮಮ್ಮನೂ ಇದ್ದಳು, ಕೆಮ್ಮು ಬಿಟ್ಟಿರಲಿಲ್ಲ. ಸರದಿ ಬಂದಾಗ ಕಾಶಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಒಳಗೆ ಬಿಟ್ಟಳು. ಡಾಕ್ಟರು ಏಳುವುದಕ್ಕೆ ಮೊದಲೇ, ತಾನೇ ಹೊರಗೆ ನಿಂತು ಬಾಗಿಲು ಎಳೆದುಕೊಂಡಳು.

‘ಏನಾಗಿದೆ ಅವಳಿಗೆ?’ ಎಂದು ಪ್ರೇಮಮ್ಮ ಮೆಲ್ಲಗೆ ಕೇಳಿದಳು.

ಕಾಶಮ್ಮ ಮೆಲ್ಲಗೆ ಹೇಳಲಿಲ್ಲ. ‘ಅವಳ ಮಗು ಹೋಗಿದೆ,’ ಎಂದಳು, ಬೆಂಚಿನ ಆ ತುದಿಗೂ ಕೇಳುವ ಹಾಗೆ. ‘ಅಳೋಕೆ ಹೋಗಿದಾಳೆ.’

ನಾನು ಔಷಧದ ಪೆಟ್ಟಿಗೆಯ ಹಲಗೆ ತೆಗೆದು ಕಿಂಡಿಗೆ ಅಡ್ಡ ಇಟ್ಟೆ.